ಹೊಸ ನೀರು ಬಂದಾಗಲೆಲ್ಲ ಹಳೆಯದನ್ನು ಮರೆಯುವ ಊರು

2024ರ ಮಾರ್ಚ್‌ನ ಒಂದು ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ಸಂಪಿನ ಸುತ್ತ ಏಳೆಂಟು ಜನ ನಿಂತಿದ್ದೆವು. ಬೆಂಗಳೂರಿನ ಪೂರ್ವದ ಅಂಚಿನಲ್ಲಿದೆ ನಮ್ಮ ಮನೆ. ವಾಚ್‌ಮನ್ ಮುಚ್ಚಳ ಎತ್ತಿ, ಉದ್ದದ ಪೈಪೊಂದನ್ನು ಒಳಗಿಳಿಸಿ ಮೇಲಕ್ಕೆಳೆದ. ತುದಿಯಲ್ಲಿ ಒಂದು ಗೇಣಿನಷ್ಟು ಮಾತ್ರ ಒದ್ದೆಯಾಗಿತ್ತು. ‘ಬೆಳಿಗ್ಗೆ ಏಳರವರೆಗೆ ಬರುತ್ತೆ ಸಾರ್, ಆಮೇಲೆ ಇಲ್ಲ’ ಅಂದ. ಬೋರ್‌ವೆಲ್ ಎರಡು ವಾರದಿಂದ ನೀರಿಗಿಂತ ಗಾಳಿಯನ್ನೇ ಜಾಸ್ತಿ ಉಗುಳುತ್ತಿತ್ತು. ಟ್ಯಾಂಕರ್‌ನವನಿಗೆ ಫೋನ್ ಮಾಡಿದರೆ, ‘ನಾಳೆ ಸಾಯಂಕಾಲ ನೋಡೋಣ ಸಾರ್, ಗ್ಯಾರಂಟಿ ಹೇಳಲ್ಲ’ ಎಂದು ಇಟ್ಟುಬಿಟ್ಟ.

ಅದೇ ವಾರ ಮಲ್ಲೇಶ್ವರದಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ‘ಟಿವಿಯಲ್ಲಿ ಏನೇನೋ ತೋರಿಸ್ತಿದ್ದಾರೆ, ನಮಗೇನೂ ಗೊತ್ತೇ ಆಗ್ಲಿಲ್ಲಪ್ಪ. ದಿನ ಬಿಟ್ಟು ದಿನ ಕಾವೇರಿ ಬರ್ತಾನೇ ಇದೆ.’

ಆ ಬೇಸಿಗೆಯಲ್ಲಿ ನಡೆದದ್ದು ಏನು ಅನ್ನುವುದು ಈ ಎರಡು ಫೋನ್ ಕರೆಗಳಲ್ಲೇ ಇದೆ. ದೇಶದ ಟಿವಿಗಳೆಲ್ಲ ‘ಬೆಂಗಳೂರಿಗೆ ನೀರಿಲ್ಲ’ ಅಂದವು. ನಿಜವಾಗಿ ಬತ್ತಿದ್ದು ಕಾವೇರಿ ಕೊಳವೆಯಲ್ಲ, ನೆಲದೊಳಗಿನ ನೀರು. 2023ರಲ್ಲಿ ಮಳೆ ಕೈಕೊಟ್ಟಿತ್ತು, ಕೆಆರ್‌ಎಸ್ ತಳ ಕಾಣುತ್ತಿತ್ತು. ಆದರೂ ಜಲಮಂಡಳಿ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಕಾವೇರಿ ನೀರನ್ನು ಹೇಗೋ ತಂದು ಹಂಚುತ್ತಲೇ ಇತ್ತು. ಕೊಳವೆ ತಲುಪದ ಅಂಚಿನ ಬಡಾವಣೆಗಳು ಬೋರ್‌ವೆಲ್ ನಂಬಿದ್ದವು. ನಗರದಲ್ಲಿ ಸರ್ಕಾರ ಕೊರೆಸಿದ ಬೋರ್‌ವೆಲ್‌ಗಳಲ್ಲೇ ಸುಮಾರು ಅರ್ಧದಷ್ಟು ನಿಂತುಹೋಗಿವೆ ಎಂದು ಸರ್ಕಾರವೇ ಹೇಳಿತು. ನಮ್ಮ ಮನೆಯ ಬೋರೂ ಬತ್ತಿದೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿಕೊಂಡರು.

ಏಳು ತಿಂಗಳು ಕಳೆದು, ಅಕ್ಟೋಬರ್ 16ರಂದು, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರು ಸರಬರಾಜು ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು. ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಜಪಾನಿನ ನೆರವು ಸಂಸ್ಥೆ ಜೈಕಾದ ಸಾಲ, ನಾಲ್ಕು ಸಾವಿರ ಕೋಟಿ ರೂಪಾಯಿಗೂ ಮೀರಿದ ಖರ್ಚು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ ಯೋಜನೆ ಇದು. ಹದಿನೇಳು ವರ್ಷ ಕಾದ ಹಳ್ಳಿಗಳು ಅಷ್ಟರೊಳಗೆ ಹಳ್ಳಿಗಳಾಗಿ ಉಳಿದಿರಲಿಲ್ಲ, ಅದು ಬೇರೆ ಮಾತು. ಈಗ ಆರನೇ ಹಂತದ ಮಾತು ಶುರುವಾಗಿದೆ.

ಇಲ್ಲಿಗೆ ಪ್ರಶ್ನೆ ಮುಗಿಯಿತು ಅಂತ ನನಗೆ ಅನಿಸುವುದಿಲ್ಲ. ಈ ಊರಿನ 130 ವರ್ಷದ ನೀರಿನ ಕತೆ ನೋಡಿದರೆ ಒಂದೇ ಅಭ್ಯಾಸ ಕಾಣುತ್ತದೆ. ಹೊಸ ನೀರು ಬಂದ ದಿನವೇ ಹಳೆಯ ನೀರನ್ನು ಕೈಬಿಡುವುದು. ಕೈಬಿಟ್ಟದ್ದು ಇಪ್ಪತ್ತು ಮೂವತ್ತು ವರ್ಷದ ಮೇಲೆ ಕೊರತೆಯಾಗಿ ಬಾಗಿಲು ತಟ್ಟುತ್ತದೆ. ಆಗ ಇನ್ನೂ ದೂರದ ನೀರನ್ನು ಹುಡುಕಿಕೊಂಡು ಹೊರಡುತ್ತೇವೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಏಣಿನ ಮೇಲೆ ಕೂತಿದೆ. ಇಲ್ಲಿ ಬಿದ್ದ ಮಳೆ ಎರಡು ಕಡೆ ಇಳಿದುಹೋಗುತ್ತದೆ. ಪಶ್ಚಿಮದ ನೀರು ವೃಷಭಾವತಿಯಾಗಿ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಪೂರ್ವದ್ದು ದಕ್ಷಿಣ ಪಿನಾಕಿನಿಗೆ. ಊರೊಳಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು, ಒಂದರ ಕೋಡಿ ಇನ್ನೊಂದಕ್ಕೆ ಹೋಗುವ ಹಾಗೆ. ಧರ್ಮಾಂಬುಧಿ ಕೆರೆ ಇದ್ದ ಜಾಗ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಗಿದೆ. ಮೆಜೆಸ್ಟಿಕ್ ಪಕ್ಕದ ರಸ್ತೆಗೆ ಇವತ್ತಿಗೂ ಟ್ಯಾಂಕ್ ಬಂಡ್ ರೋಡ್ ಎಂದೇ ಹೆಸರು. ಕೆರೆ ಹೋಗಿದೆ, ಏರಿಯ ಹೆಸರು ಮಾತ್ರ ಇದೆ.

ಊರೊಳಗಿನ ಕೆರೆಗಳು ಸಾಲದಾದಾಗ 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟಕ್ಕೆ ಹೋದರು. 1896ಕ್ಕೆ ನಲ್ಲಿಯಲ್ಲಿ ನೀರು ಬಂತು. ನಲ್ಲಿ ಬಂದ ಮೇಲೆ ಕೆರೆ ಯಾರಿಗೆ ಬೇಕು? ಕುಡಿಯುವ ನೀರಿನ ಕೆರೆಗಳು ನಿಧಾನವಾಗಿ ಸೈಟುಗಳಾಗಿ ಕಾಣತೊಡಗಿದವು. 1920ರ ದಶಕದ ಬರದಲ್ಲಿ ಹೆಸರಘಟ್ಟ ಒಣಗಿತು. ಮುಂದಿನ ಹೆಜ್ಜೆ ಅದೇ ಅರ್ಕಾವತಿಯ ಕೆಳಗಿನ ತಿಪ್ಪಗೊಂಡನಹಳ್ಳಿ. ಕುಮುದ್ವತಿ ಬಂದು ಸೇರುವ ಕಡೆ 1933ರಲ್ಲಿ ಚಾಮರಾಜಸಾಗರ ಆಯಿತು. 1964ರಲ್ಲಿ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ಮೊದಲ ಹಂತ ಬಂತು. ಆಮೇಲೆ ಹತ್ತು ಹತ್ತು ವರ್ಷಕ್ಕೆ ಒಂದೊಂದು ಹಂತ. 2012ರಲ್ಲಿ ನಾಲ್ಕನೇ ಹಂತದ ಎರಡನೇ ಘಟ್ಟ ಮುಗಿಯಿತು. ಸರಿಸುಮಾರು ಅದೇ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದ ನೀರು ತರುವುದು ನಿಂತುಹೋಯಿತು.

ತಿಪ್ಪಗೊಂಡನಹಳ್ಳಿ ಏಕೆ ಸತ್ತಿತು ಅನ್ನುವುದನ್ನು ಸ್ವಲ್ಪ ನಿಂತು ನೋಡಬೇಕು. ಮಳೆ ಕಡಿಮೆಯಾಯಿತು ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಮಳೆಯ ಮೇಲೆ ತಪ್ಪು ಹೊರಿಸಲಿಲ್ಲ. ಅವರು ಬೆರಳು ತೋರಿಸಿದ್ದು ಮೇಲಿನ ಊರುಗಳಲ್ಲಿ ಅಂತರ್ಜಲ ಎತ್ತಿದ ರೀತಿಗೆ ಮತ್ತು ಹೊಲಗಳ ಬದಲು ಬಂದ ನೀಲಗಿರಿ ತೋಪುಗಳಿಗೆ. ನೆಲದ ನೀರು ಕೆಳಗಿಳಿದರೆ ಹಳ್ಳಕ್ಕೆ ಒಸರು ನೀರು ಬರುವುದಿಲ್ಲ. ಮಳೆ ಬಂದರೂ ಒಣ ಮರಳು ಅದನ್ನು ಕುಡಿದುಬಿಡುತ್ತದೆ. 2003ರಲ್ಲೇ ಆ ಜಲಾನಯನ ಪ್ರದೇಶ ಉಳಿಸಲು ಸರ್ಕಾರ ಅಧಿಸೂಚನೆ ಹೊರಡಿಸಿತ್ತು. ಆ ಹೊತ್ತಿಗೆ ಕಾವೇರಿಯ ನಾಲ್ಕನೇ ಹಂತದ ನೀರೂ ಬಂದಾಗಿತ್ತು. ಅರ್ಕಾವತಿ ಇರಲಿ ಬಿಡಲಿ, ಯಾರಿಗೂ ಅರ್ಜೆಂಟ್ ಇರಲಿಲ್ಲ.

ಕಾವೇರಿ ನೀರು ಬರುವ ದಾರಿಯೂ ಚಿಕ್ಕದಲ್ಲ. ಶಿವನಸಮುದ್ರದ ಹತ್ತಿರದ ಶಿವ ಅಣೆಕಟ್ಟೆಯಿಂದ ತೊರೆಕಾಡನಹಳ್ಳಿಗೆ ಬಂದು, ಶುದ್ಧವಾಗಿ, ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಆಗಿ, ಸುಮಾರು ನೂರು ಕಿಲೋಮೀಟರ್ ದಾಟಿ ಬರುತ್ತದೆ. ಒಟ್ಟು 500 ಮೀಟರ್‌ನಷ್ಟು ಮೇಲಕ್ಕೆ ತಳ್ಳುವ ಕೆಲಸ ಅದು. ಸ್ಕೂಲಿನ ಭೌತಶಾಸ್ತ್ರದ ಲೆಕ್ಕ ಹಾಕಿ, ಪಂಪಿನ ನಷ್ಟ ಸೇರಿಸಿದರೆ ಸಾವಿರ ಲೀಟರಿಗೆ ಹೆಚ್ಚುಕಡಿಮೆ ಎರಡು ಯೂನಿಟ್ ಕರೆಂಟ್ ಬೇಕು. ಮಂಡಳಿಯ ಅತಿ ದೊಡ್ಡ ಖರ್ಚು ಕರೆಂಟ್ ಬಿಲ್. ಆದರೆ 2014ರಿಂದ 2025ರವರೆಗೆ ಮನೆಗಳಿಗೆ ತಿಂಗಳ ಮೊದಲ 8 ಸಾವಿರ ಲೀಟರಿಗೆ ಇದ್ದ ದರ ಸಾವಿರ ಲೀಟರಿಗೆ 7 ರೂಪಾಯಿ. ಕರೆಂಟಿನ ಖರ್ಚೂ ಅದರಲ್ಲಿ ಹುಟ್ಟುವುದು ಕಷ್ಟ. 2025ರ ಏಪ್ರಿಲ್‌ನಲ್ಲಿ ದರ ಲೀಟರಿಗೆ ಒಂದು ಪೈಸೆಯೊಳಗೆ ಏರಿದಾಗ ಎಷ್ಟು ಗಲಾಟೆ ಆಯಿತು, ನೆನಪಿದೆ ಅಲ್ವಾ?

ಇನ್ನೊಂದು ಕಡೆ ನೋಡಿ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರಕ್ಕೆ ಮಿತಿ ಹಾಕಿತು. ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿಗೆ ಸಾವಿರ ರೂಪಾಯಿ. ಅಂದರೆ ಸಾವಿರ ಲೀಟರಿಗೆ 83 ರೂಪಾಯಿ. ಇದು ಸರ್ಕಾರ ನಿಗದಿ ಮಾಡಿದ ‘ಕಡಿಮೆ’ ದರ. ಮಲ್ಲೇಶ್ವರದ ಚಿಕ್ಕಮ್ಮ 7 ರೂಪಾಯಿ ಕೊಟ್ಟ ನೀರಿಗೆ ನಾವು ಅಂಚಿನವರು ಹನ್ನೆರಡು ಪಟ್ಟು ಕೊಡುತ್ತಿದ್ದೆವು. ಕೂಲಿಗೆ ಬಂದು ಶೆಡ್‌ಗಳಲ್ಲಿ ಇರುವವರು ಬಿಂದಿಗೆ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅವರ ದರವನ್ನು ಸಾವಿರ ಲೀಟರಿಗೆ ಗುಣಿಸಿ ನೋಡುವ ಧೈರ್ಯ ನನಗಿಲ್ಲ.

ಇನ್ನು ಕೋರ್ಟಿನ ಲೆಕ್ಕ. ಅಷ್ಟಾಗಿ ಮಾತಿಗೆ ಬಾರದ, ಆದರೆ ತುಂಬಾ ಮುಖ್ಯವಾದ ವಿಷಯ ಇದು. 2007ರ ಅಂತಿಮ ತೀರ್ಪಿನಲ್ಲಿ ಕಾವೇರಿ ನ್ಯಾಯಮಂಡಳಿ, ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ, ಅರ್ಧ ಅಗತ್ಯವನ್ನು ಅಂತರ್ಜಲ ನೋಡಿಕೊಳ್ಳುತ್ತದೆ ಎಂದು ಭಾವಿಸಿತ್ತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಕುಡಿಯುವ ನೀರಿಗೆ ಮೊದಲ ಸ್ಥಾನ, ಇಡೀ ನಗರವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದಿತು. ರಾಜ್ಯಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿ ಅಡಿಯಲ್ಲಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) 4.75 ಟಿಎಂಸಿ ಬೆಂಗಳೂರಿನದು.

ಐದು ಹಂತ ಸೇರಿದರೆ ನಾವು ವರ್ಷಕ್ಕೆ ಎತ್ತುವುದು 28–29 ಟಿಎಂಸಿ. 4.75 ಎಲ್ಲಿ, 29 ಎಲ್ಲಿ? ಗುಟ್ಟು ಇಷ್ಟೇ. ಕುಡಿಯುವ ನೀರಿಗಾಗಿ ಎತ್ತಿದ್ದರಲ್ಲಿ ನೂರಕ್ಕೆ 20ರಷ್ಟು ಮಾತ್ರ ನಿಜವಾಗಿ ಖರ್ಚಾಗುತ್ತದೆ, ಉಳಿದ 80 ಬಳಸಿದ ನೀರಾಗಿ ವಾಪಸ್ ಬರುತ್ತದೆ ಎಂಬ ಲೆಕ್ಕ. ಕಾಗದದ ಮೇಲೆ ಸರಿ. ಆದರೆ ಬೆಂಗಳೂರು ಕೂತಿರುವುದು ಏಣಿನ ಮೇಲೆ. ವಿಜಯನಗರದ ಬಚ್ಚಲು ನೀರು ವೃಷಭಾವತಿ ಹಿಡಿದು ಕಾವೇರಿಗೆ ಹೋಗುತ್ತದೆ. ಕೋರಮಂಗಲ, ಇಂದಿರಾನಗರದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಕಡೆ. ಐದನೇ ಹಂತದ ನೀರು ಕುಡಿಯುವ ಅಂಚಿನ ಹಳ್ಳಿಗಳಲ್ಲಿ ಎಷ್ಟೋ ಪೂರ್ವದ ಇಳಿಜಾರಿನಲ್ಲೇ ಇವೆ. ಒಂದು ನದಿಯ ನೀರನ್ನು ಸದ್ದಿಲ್ಲದೆ ಇನ್ನೊಂದು ನದಿಗೆ ತಿರುಗಿಸುವ ಯೋಜನೆ ಎಲ್ಲೂ ಘೋಷಣೆಯಾಗಿಲ್ಲ. ಆದರೆ ಪ್ರತಿದಿನ ನಮ್ಮ ಟಾಯ್ಲೆಟ್ ಫ್ಲಶ್ ಅದನ್ನೇ ಮಾಡುತ್ತಿದೆ.

ಆ ಪೂರ್ವದ ನೀರೇ ಈಗ ಕೋಲಾರಕ್ಕೆ ಹೋಗುತ್ತಿದೆ. 2018ರ ಜೂನ್‌ನಲ್ಲಿ ಶುರುವಾದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಗುರಿ ಇಟ್ಟುಕೊಂಡಿತ್ತು. ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯದು 21 ಕೋಟಿ, ಚಿಕ್ಕಬಳ್ಳಾಪುರ ಕಡೆಗೆ. ಶುರುವಾದ ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ಜಗಳ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಎಂದು ಅಲ್ಲಿನ ರೈತ ಹೋರಾಟಗಾರರು ಇವತ್ತಿಗೂ ಕೇಳುತ್ತಿದ್ದಾರೆ. ಅವರ ಮಾತು ಸರಿ ಅಂತಲೇ ನನ್ನ ಅನಿಸಿಕೆ. ಆದರೆ ಒಣಗಿ ಬಿರುಕು ಬಿಟ್ಟ ಕೆರೆಗಳಲ್ಲಿ ನೀರು ನಿಂತಿತು, ಸುತ್ತಲಿನ ಬೋರುಗಳು ಮತ್ತೆ ಎದ್ದವು ಅನ್ನುವುದೂ ನಿಜ. ಇಷ್ಟೆಲ್ಲದರ ನಡುವೆ ವಿಚಿತ್ರ ಒಂದೇ. ಬೆಂಗಳೂರಿನ ಬಳಸಿದ ನೀರು ಕೋಲಾರದ ಅಂತರ್ಜಲ ತುಂಬುತ್ತಿರುವಾಗ ಬೆಂಗಳೂರಿನ ಅಂತರ್ಜಲ ಒಣಗುತ್ತಿತ್ತು. ಕೋಲಾರಕ್ಕೆ ಕೊಡಬಾರದು ಅಂತಲ್ಲ, ಕೊಟ್ಟದ್ದು ಒಳ್ಳೆಯದೇ. ಸ್ವಂತ ಮನೆಯ ಹಿತ್ತಲಿಗೂ ಅದೇ ಬುದ್ಧಿ ಏಕೆ ಬರಲಿಲ್ಲ ಅನ್ನುವುದು ಪ್ರಶ್ನೆ.

ಬುದ್ಧಿ ಬಂದ ಕಡೆ ಕೆಲಸ ಆಗಿದೆ. ಜಕ್ಕೂರು ಕೆರೆಗೆ ಹೋಗಿ ನೋಡಿ. ಸಂಸ್ಕರಣಾ ಘಟಕದಿಂದ ಹೊರಬಿದ್ದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹರಿದು, ಆಮೇಲೆ ಕೆರೆಗೆ ಸೇರುತ್ತದೆ. ಸುತ್ತಲಿನ ಬಾವಿಗಳಲ್ಲಿ ನೀರು ಮೇಲಕ್ಕೆ ಬಂದಿದೆ. ದೇವನಹಳ್ಳಿಯ ಸಿಹಿನೀರು ಕೆರೆಗೆ ಎಚ್.ಎನ್. ವ್ಯಾಲಿ ನೀರು ಬಂದ ಮೇಲೆ ಪಕ್ಕದ ಹಳೆಯ ಬಾವಿಗೆ ಜೀವ ಬಂತು. ಆ ನೀರನ್ನು ಮತ್ತೊಮ್ಮೆ ಶುದ್ಧ ಮಾಡಿ ಪಟ್ಟಣಕ್ಕೆ ಕೊಡುವ ಪ್ರಯತ್ನವೂ ನಡೆಯಿತು. ಕಬ್ಬನ್ ಪಾರ್ಕಿನಲ್ಲಿ ಹೂಳು ತುಂಬಿದ್ದ ಬಾವಿಗಳನ್ನು ಮಣ್ಣು ವಡ್ಡರು ಇಳಿದು ತೋಡಿದಾಗ ನೀರು ಬಂದದ್ದು ಸಾವಿರ ಅಡಿಯಲ್ಲಲ್ಲ, ಮೇಲೇ. ತಲೆತಲಾಂತರದಿಂದ ಬಾವಿ ತೋಡುವ ಈ ಜನರಿಗೆ ಯಾವ ಬೀದಿಯಲ್ಲಿ ಎಷ್ಟು ಮಟ್ಟಕ್ಕೆ ನೀರು ಸಿಗುತ್ತದೆ ಎಂಬ ಅಂದಾಜು ಇದೆ. ನಗರದ ಯಾವ ಕಚೇರಿಯಲ್ಲೂ ಅವರಿಗೆ ಒಂದು ಕುರ್ಚಿ ಇಲ್ಲ.

ಮಳೆಯ ಲೆಕ್ಕವನ್ನೂ ಹಾಕಿಬಿಡೋಣ. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು 970 ಮಿಲಿಮೀಟರ್. ನಗರದ ವಿಸ್ತಾರ 700 ಚದರ ಕಿಲೋಮೀಟರ್ ದಾಟುತ್ತದೆ. ಗುಣಿಸಿದರೆ ಸುಮಾರು 25 ಟಿಎಂಸಿ. ಐದು ಹಂತದ ಕಾವೇರಿಗೆ ಹತ್ತಿರದಷ್ಟು ನೀರು ಪುಕ್ಕಟೆಯಾಗಿ ತಲೆಯ ಮೇಲೇ ಬೀಳುತ್ತದೆ. ಅದೆಲ್ಲವನ್ನೂ ಹಿಡಿಯಲಾಗದು, ಬಿಡಿ. 30×40 ಸೈಟಿನ ಲೆಕ್ಕ ಇನ್ನೂ ಹತ್ತಿರದ್ದು. 1,200 ಚದರ ಅಡಿಯ ಮೇಲೆ ವರ್ಷಕ್ಕೆ ಬೀಳುವುದು ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ. ತಲೆಗೆ 135 ಲೀಟರಿನ ಹಾಗೆ ನಾಲ್ಕು ಜನರ ಮನೆಗೆ ವರ್ಷಕ್ಕೆ ಬೇಕಾಗುವುದು ಎರಡು ಲಕ್ಷ ಲೀಟರಿಗಿಂತ ಸ್ವಲ್ಪ ಕಡಿಮೆ. ಅರ್ಧ ಆಯಿತಲ್ಲ! ಆದರೆ ಅರ್ಧವೂ ಸುಲಭವಲ್ಲ. ಮಳೆ ಬರುವುದು ನಾಲ್ಕೈದು ತಿಂಗಳು, ಅದೂ ಧೋ ಎಂದು ಒಂದೇ ಸಂಜೆ. ನಮ್ಮ ಸಂಪಿನಲ್ಲಿ ಅಷ್ಟು ಹಿಡಿಯುವುದಿಲ್ಲ. ಉಳಿದದ್ದಕ್ಕೆ ಇರುವ ಒಂದೇ ದೊಡ್ಡ ಟ್ಯಾಂಕ್ ಎಂದರೆ ಕಾಲ ಕೆಳಗಿನ ನೆಲ. 2009ರಲ್ಲೇ ಮಳೆನೀರು ಕೊಯ್ಲು ಕಡ್ಡಾಯ ಎಂಬ ಕಾನೂನು ಬಂತು. ಎಷ್ಟೋ ಮನೆಯವರು ಸುಮ್ನೆ ಒಂದು ನೀಲಿ ಡ್ರಮ್ ಇಟ್ಟು, ಫೋಟೋ ತೆಗೆದು, ದಂಡ ತಪ್ಪಿಸಿಕೊಂಡರು. ಇನ್ನು ಕೆಲವರು ದಂಡವನ್ನೇ ತಿಂಗಳ ಬಿಲ್ಲಿನ ಭಾಗ ಅಂದುಕೊಂಡು ಕಟ್ಟುತ್ತಿದ್ದಾರೆ.

ದೂರದ ನೀರಿನ ಪಟ್ಟಿ ಮಾತ್ರ ಬೆಳೆಯುತ್ತಲೇ ಇದೆ. ಮೇಕೆದಾಟುವಿನಲ್ಲಿ 67 ಟಿಎಂಸಿಯ ಜಲಾಶಯ, 2018–19ರ ಅಂದಾಜಿನಲ್ಲಿ 9 ಸಾವಿರ ಕೋಟಿ ರೂಪಾಯಿ, ಸುಮಾರು 5 ಸಾವಿರ ಹೆಕ್ಟೇರ್ ಮುಳುಗಡೆ, ಅದರಲ್ಲಿ ಬಹುಪಾಲು ಕಾವೇರಿ ವನ್ಯಧಾಮದ ಕಾಡು. 2022ರ ಜನವರಿಯ ಪಾದಯಾತ್ರೆ ನೆನಪಿರಬಹುದು. ಬರಗಾಲದಲ್ಲಿ ತಮಿಳುನಾಡಿಗೂ ನಮಗೂ ಅದರಿಂದ ಅನುಕೂಲ ಅನ್ನುವ ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಶಿವನಸಮುದ್ರದ ಜಲಪಾತ ದಾಟಿ ಕೆಳಗಿಳಿದ ನೀರನ್ನು ಅಲ್ಲಿಂದಲೇ ಎತ್ತುವುದಾದರೆ ಈಗಿನದಕ್ಕಿಂತ ಜಾಸ್ತಿ ಎತ್ತಬೇಕು. ಕರೆಂಟ್ ಬಿಲ್ ಯಾರ ತಲೆಗೆ?

ಎತ್ತಿನಹೊಳೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಸರ್ಕಾರದ ಲೆಕ್ಕದಲ್ಲಿ 24 ಟಿಎಂಸಿ, ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ತಂಡವೊಂದರ ಅಂದಾಜಿನಲ್ಲಿ ಹತ್ತೂ ಇಲ್ಲ. 8 ಸಾವಿರ ಕೋಟಿಯಿಂದ ಹೊರಟ ವೆಚ್ಚ 23 ಸಾವಿರ ಕೋಟಿ ದಾಟಿದೆ. 2019ರಲ್ಲಿ ಲಿಂಗನಮಕ್ಕಿಯಿಂದಲೇ ಬೆಂಗಳೂರಿಗೆ ಶರಾವತಿ ತರುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಕರೆಂಟಿಗಾಗಿ ಒಮ್ಮೆ ಮುಳುಗಿದವರಿಗೆ ಬೆಂಗಳೂರಿನ ಫ್ಲಶ್ಶಿಗಾಗಿ ಇನ್ನೊಮ್ಮೆ ಕೊಡಿ ಎಂದರೆ ಸಿಟ್ಟು ಬರದೆ ಇರುತ್ತದೆಯೇ? ಆ ಸಲದ ಮಾತು ಅಲ್ಲಿಗೆ ನಿಂತಿತು.

ಕಾವೇರಿ ಬೇಡ, ಮಳೆಯೇ ಸಾಕು ಎನ್ನುವವರ ಜೊತೆಗೂ ನಾನಿಲ್ಲ. ಒಂದು ಕೋಟಿ ದಾಟಿದ ಊರು ದೊಡ್ಡ ಕೊಳವೆಯಿಲ್ಲದೆ ಬದುಕುವುದಿಲ್ಲ. ಐದನೇ ಹಂತ ಬೇಕಿತ್ತು, ತಡವಾಗಿ ಬಂತು. ಜಲಮಂಡಳಿ ತರುವ ನೀರಿನಲ್ಲಿ ಕಾಲು ಭಾಗಕ್ಕೂ ಜಾಸ್ತಿ ಇವತ್ತಿಗೂ ಸೋರಿಕೆ, ಕಳ್ಳ ಸಂಪರ್ಕಗಳಲ್ಲಿ ಲೆಕ್ಕ ತಪ್ಪಿಹೋಗುತ್ತದೆ. ಅದಕ್ಕೂ ಮೀಟರು, ಪೈಪು, ಸಿಬ್ಬಂದಿ ಬೇಕು. ನನ್ನ ತಕರಾರು ಬೇರೆ. ಕಾವೇರಿಗೆ ಒಂದು ಖಾತೆ ಇದೆ, ಅದರ ಹನಿ ಹನಿಗೂ ಕೋರ್ಟು ಕಚೇರಿ ಇದೆ. ಬೋರ್‌ವೆಲ್ ನೀರಿಗೆ ಖಾತೆಯೇ ಇಲ್ಲ. ಯಾವ ಮನೆ ಎಷ್ಟು ಎತ್ತುತ್ತದೆ, ಯಾವ ಟ್ಯಾಂಕರ್ ಯಾವ ತೋಟದಿಂದ ತುಂಬಿಸಿಕೊಳ್ಳುತ್ತದೆ, ಯಾರಿಗೆ ಗೊತ್ತು? ಬಳಸಿದ ನೀರು ಒಂದು ಇಲಾಖೆಗೆ, ಕೆರೆ ಇನ್ನೊಂದಕ್ಕೆ, ರಾಜಕಾಲುವೆ ಮತ್ತೊಂದಕ್ಕೆ. 2025ರಲ್ಲಿ ಒಂದು ಪಾಲಿಕೆ ಐದಾಯಿತು. ನೀರಿಗೆ ಅದು ಗೊತ್ತಿಲ್ಲ, ಅದು ಇಳಿಜಾರು ಇದ್ದ ಕಡೆಗೇ ಹರಿಯುತ್ತದೆ.

2024ರ ಬೇಸಿಗೆಯಲ್ಲಿ ಒಂದಷ್ಟು ಒಳ್ಳೆಯ ಕೆಲಸ ನಡೆದದ್ದು ಹೆದರಿಕೆಯಿಂದ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5 ಸಾವಿರ ರೂಪಾಯಿ ದಂಡ ಅಂದರು. ನಲ್ಲಿಗೆ ನೀರಿನ ಹರಿವು ಕಡಿಮೆ ಮಾಡುವ ಏರೇಟರ್ ಕಡ್ಡಾಯವಾಯಿತು. ಕಟ್ಟಡ ಕೆಲಸಕ್ಕೆ ಸಂಸ್ಕರಿಸಿದ ನೀರು ಬಳಸಿ ಅಂದರು, ಅಪಾರ್ಟ್‌ಮೆಂಟ್‌ಗಳು ಮಿಕ್ಕಿದ ಸಂಸ್ಕರಿಸಿದ ನೀರನ್ನು ಮಾರಲು ದಾರಿ ತೆರೆಯಿತು. ಆಮೇಲೆ ಮಳೆ ಬಂತು, ಕೆಆರ್‌ಎಸ್ ತುಂಬಿತು, ಐದನೇ ಹಂತದ ಉದ್ಘಾಟನೆಯಾಯಿತು. 2025ರಲ್ಲಿ ಪರಿಸ್ಥಿತಿ ತಲೆಕೆಳಗಾಯಿತು. ನೀರು ಇದೆ, ಸಂಪರ್ಕ ತೆಗೆದುಕೊಳ್ಳುವವರು ಸಾಲದು. ಹೊಸ ಸಂಪರ್ಕಕ್ಕೆ ಕಟ್ಟಡದ ವಿಸ್ತೀರ್ಣದ ಮೇಲೆ ಹಾಕುವ ಪ್ರೊ-ರಾಟಾ ಶುಲ್ಕ ಜಾಸ್ತಿ ಎಂದು ಎಷ್ಟೋ ಅಪಾರ್ಟ್‌ಮೆಂಟ್‌ಗಳು ಅರ್ಜಿಯನ್ನೇ ಹಾಕಲಿಲ್ಲ. ಮಂಡಳಿ ಕಂತಿನಲ್ಲಿ ಕಟ್ಟಿ ಎಂದಿತು, ‘ಸಂಚಾರಿ ಕಾವೇರಿ’ ಹೆಸರಲ್ಲಿ ಟ್ಯಾಂಕರ್‌ನಲ್ಲೂ ಕಾವೇರಿ ಕಳಿಸಿತು.

ನಮ್ಮ ಕಟ್ಟಡದವರು ಹೇಗೋ ಒಪ್ಪಿ ದುಡ್ಡು ಕಟ್ಟಿದೆವು. ಸಂಪಿನ ಮೂಲೆಯಲ್ಲಿ ಈಗ ಹೊಸ ಪೈಪೊಂದು ಇಣುಕುತ್ತದೆ. ವಾರಕ್ಕೆ ಮೂರು ಸಲ ನಡುರಾತ್ರಿ ಗೊರಗೊರ ಸದ್ದು ಮಾಡುತ್ತಾ ಕಾವೇರಿ ಬೀಳುತ್ತಾಳೆ. ವಾಚ್‌ಮನ್‌ನ ಅಳತೆಯ ಪೈಪು ಮೀಟರ್ ರೂಮಿನ ಹಿಂದೆ ಬಿದ್ದಿದೆ. 2024ರಲ್ಲಿ ಹೆದರಿ ತೋಡಿಸಿದ ಎರಡು ಇಂಗುಗುಂಡಿಗಳಲ್ಲಿ ಹೂಳು ತುಂಬಿದೆ. ಕಳೆದ ತಿಂಗಳ ಸಭೆಯಲ್ಲಿ ಅದನ್ನು ತೆಗೆಸುವ ಖರ್ಚಿನ ವಿಷಯ ಬಂತು. ‘ಈಗ ನೀರಿದೆಯಲ್ಲ, ಮುಂದಿನ ವರ್ಷ ನೋಡೋಣ’ ಅಂದರು ಯಾರೋ. ಯಾರೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಲಿಫ್ಟಿನ ವಾರ್ಷಿಕ ನಿರ್ವಹಣೆಯ ಚರ್ಚೆಗೆ ಹೋದೆವು.